ಅಂಗಳದ ಲೋಳೆ ಯಾರದು?

ಮಳೆಗಾಲದಲ್ಲಿ ಈ ಅಂಕಣಕ್ಕೆ ಬರುವ ಪ್ರಶ್ನೆಗಳ ಜಾತಿಯೇ ಬೇರೆ. ಬೇಸಿಗೆಯಲ್ಲಾದರೆ ಮಾವಿನ ಮಿಡಿಗೆ ಬೂಸು ಬಂದದ್ದು, ಹಪ್ಪಳ ಒಣಗಿಸಲು ಸೊಸೈಟಿಯವರು ಗಚ್ಚಿಯ ಬೀಗದ ಕೈ ಕೊಡದಿರುವುದು ಮುಂತಾದ ಸಂಸಾರದ ತಾಪತ್ರಯಗಳು. ಜೂನ್ ಹತ್ತು ದಾಟಿ ಒಂದೆರಡು ಒಳ್ಳೆಯ ಮಳೆ ಬಿತ್ತೆಂದರೆ ಸರಿ, "ಅಕ್ಕಾ, ಇದೇನೆಂದು ಸ್ವಲ್ಪ ನೋಡಿ ಹೇಳಿ" ಎಂಬ ಒಕ್ಕಣೆಯೊಡನೆ ಚಿತ್ರಗಳು ಬರತೊಡಗುತ್ತವೆ. ಈ ಸಲ ಹಾಗೆ ಬಂದವುಗಳಲ್ಲಿ ಐದು ಚಿತ್ರಗಳ ವಿಷಯ ಒಂದೇ: ಲೋಳೆ. ಮುರಬಾಡ್ ಹತ್ತಿರದ ವಾಡಿಯಲ್ಲಿ ಲೋಳೆ, ವಸಾಯಿಯ ಬಾವಿಯಲ್ಲಿ ಲೋಳೆ, ಕಲ್ಯಾಣದ ಗಚ್ಚಿಯ ಮೇಲೆ ಲೋಳೆ, ಬೊರಿವಲಿಯ ನ್ಯಾಷನಲ್ ಪಾರ್ಕಿನ ಮರದ ಬುಡದಲ್ಲಿ ಲೋಳೆ, ಜುಹೂ ದಂಡೆಯಲ್ಲಿ ಲೋಳೆ. ಕಳುಹಿಸಿದ ಐವರಿಗೂ ಒಂದೇ ಮಾತಿನ ಉತ್ತರ ಬೇಕು. ಆ ಐದೂ ಒಂದೇ ವಸ್ತುವಲ್ಲ ಎಂಬುದೇ ಇಲ್ಲಿಯ ತೊಡಕು. ಅದರಲ್ಲೂ ಮುರಬಾಡಿನ ಲೋಳೆಯಿಂದಾಗಿ ಒಬ್ಬ ಮುದುಕಿಯ ತಲೆಯ ಮೇಲಿನ ಸೂರೇ ಹೋಗುವುದರಲ್ಲಿತ್ತು. ಆದ್ದರಿಂದ ಈ ತಿಂಗಳು ಅಡುಗೆಮನೆಗೆ ರಜೆ ಕೊಟ್ಟು ಲೋಳೆಯ ಸುದ್ದಿಯನ್ನೇ ಬರೆಯುತ್ತಿದ್ದೇನೆ. ಊಟದ ಹೊತ್ತಿನಲ್ಲಿ ಓದುವವರು ಪುಟ ಮಗುಚಿ ಆಮೇಲೆ ಬನ್ನಿ.

ಬಯಲಲ್ಲಿ, ಹುಲ್ಲಿನ ಮೇಲೆ, ನಿನ್ನೆ ಸಂಜೆ ಇಲ್ಲದ ಲೋಳೆಯ ಮುದ್ದೆ ಬೆಳಗಾಗುವಾಗ ಬಿದ್ದಿದ್ದರೆ ಮನುಷ್ಯ ಮೊದಲು ತಲೆಯೆತ್ತಿ ನೋಡುವುದು ಆಕಾಶವನ್ನು. ಇದು ನಮ್ಮ ದೇಶದವರ ದೌರ್ಬಲ್ಯವೇನೂ ಅಲ್ಲ. ನಾನು ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯ ಓದಿದವಳು. ಆ ಓದು ಮಕ್ಕಳ ಹೋಂವರ್ಕಿಗೆ ಬಿಟ್ಟರೆ ಮತ್ತೆಲ್ಲೂ ಉಪಯೋಗಕ್ಕೆ ಬಂದಿಲ್ಲವೆಂದು ನಮ್ಮವರು ಚುಡಾಯಿಸುವುದುಂಟು. ಇಲ್ಲಿ ಬಂತು ನೋಡಿ! ಹದಿನೇಳನೆಯ ಶತಮಾನದ ಡ್ರೈಡನ್, ಸಕ್ಲಿಂಗ್ ಮೊದಲಾದ ಕವಿಗಳಲ್ಲಿ, ಉದುರಿದ ನಕ್ಷತ್ರ ನೆಲಕ್ಕೆ ಬಿದ್ದು ಲೋಳೆಯಾಗುತ್ತದೆಂಬ ಕಲ್ಪನೆ ಬರುತ್ತದೆ. 1825ರಲ್ಲಿ ಪ್ರಕಟವಾದ ವಾಲ್ಟರ್ ಸ್ಕಾಟನ 'ದಿ ಟ್ಯಾಲಿಸ್ಮನ್' ಕಾದಂಬರಿಯಲ್ಲೂ ಅದರ ಪ್ರಸ್ತಾಪವಿದೆ. ವೇಲ್ಸಿನ ಜನ ತಮ್ಮ ನುಡಿಯಲ್ಲಿ ಇದಕ್ಕೆ 'ನಕ್ಷತ್ರದ ಕೊಳೆ' ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಇಂಗ್ಲಿಷಿನಲ್ಲಿ 'ಸ್ಟಾರ್ ಜೆಲ್ಲಿ'. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1950ರ ಸೆಪ್ಟೆಂಬರಿನ ಒಂದು ರಾತ್ರಿ ಪೊಲೀಸರೇ ಅಂಥದೊಂದು ಮುದ್ದೆಯನ್ನು ಕಂಡೆವೆಂದು ವರದಿ ಮಾಡಿದರು. ಮುಟ್ಟಿದರೆ ಕರಗಿ ಹೋಯಿತಂತೆ. 1958ರಲ್ಲಿ ಬಂದ 'ದಿ ಬ್ಲಾಬ್' ಎಂಬ ಹೆದರಿಕೆಯ ಸಿನಿಮಾಕ್ಕೆ ಈ ಸುದ್ದಿಯೇ ಪ್ರೇರಣೆ ಎನ್ನುವವರಿದ್ದಾರೆ.

ಉಲ್ಕೆಯಿಂದ ಲೋಳೆ ಬರುವುದು ಸಾಧ್ಯವಿಲ್ಲ. ರಾತ್ರಿ ಸರ್ರನೆ ಜಾರಿದಂತೆ ಕಾಣುವ 'ನಕ್ಷತ್ರ' ಬಹುಪಾಲು ಸಾಸಿವೆ, ಹೆಸರುಕಾಳಿನ ಗಾತ್ರದ ಕಣ. ನೆಲದಿಂದ ಎಂಬತ್ತು, ನೂರು ಕಿಲೋಮೀಟರ್ ಎತ್ತರದಲ್ಲೇ ಅದು ಉರಿದು ಮುಗಿಯುತ್ತದೆ. ಉರಿಯದೆ ಕೆಳಗೆ ತಲಪಿದರೆ ಅದು ಕಲ್ಲು, ಇಲ್ಲವೆ ಕಬ್ಬಿಣ. ನಮ್ಮ ಮಹಾರಾಷ್ಟ್ರದಲ್ಲೇ ಬುಲ್ಢಾಣಾ ಜಿಲ್ಲೆಯ ಲೋನಾರಿನಲ್ಲಿ ಅಂಥದೊಂದು ಬಿದ್ದ ಸುಮಾರು 1.8 ಕಿಲೋಮೀಟರ್ ಅಗಲದ ಗುಳಿ ಸರೋವರವಾಗಿ ನಿಂತಿದೆ. ಅದನ್ನು ಕಂಡವರು ಲೋಳೆಯ ಮಾತು ಆಡಲಾರರು.

ಹಾಗಿದ್ದೂ ಆಕಾಶದ ಆಸೆ ಬಿಡುವುದಿಲ್ಲ. 2001ರ ಜುಲೈ ಕೊನೆಯಲ್ಲಿ ಕೇರಳದ ಕೋಟ್ಟಯಂ, ಇಡುಕ್ಕಿ ಕಡೆ ಕೆಂಪು ಮಳೆ ಬಿದ್ದದ್ದು ನಿಮಗೆ ನೆನಪಿರಬಹುದು. ಹೊರಗೆ ಒಣಹಾಕಿದ ಬಟ್ಟೆಗೆಲ್ಲ ಬಣ್ಣ ಹತ್ತಿತ್ತು. ಉಲ್ಕೆ ಸಿಡಿದದ್ದು ಎಂದರು, ಅನ್ಯಗ್ರಹದ ಜೀವ ಎಂದರು. ತಿರುವನಂತಪುರದ ಎರಡು ಸಂಶೋಧನಾ ಸಂಸ್ಥೆಗಳವರು ಆ ನೀರನ್ನು ಪರೀಕ್ಷಿಸಿ, ಅದರಲ್ಲಿರುವುದು ಟ್ರೆಂಟಿಪೋಲಿಯಾ ಎಂಬ ಪಾಚಿಯ ಬೀಜಕಣಗಳು, ಆ ಪಾಚಿ ಅಲ್ಲಿನ ಮರಗಳ ಮೇಲೆಯೇ ಧಾರಾಳವಾಗಿದೆ ಎಂದು ಆ ವರ್ಷವೇ ಹೇಳಿದರು. ಪಕ್ಕದ ಮರದಲ್ಲಿದ್ದದ್ದನ್ನು ಬಿಟ್ಟು ಪಕ್ಕದ ಗ್ರಹವನ್ನು ಹುಡುಕಿದ ಹಾಗಾಯಿತು.

ಆಕಾಶವನ್ನು ನೋಡುವುದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಹಳ್ಳಿಗಳಲ್ಲಿ ಆಕಾಶವನ್ನು ನೋಡಿಯಾದ ಮೇಲೆ ಎರಡನೆಯ ನೋಟ ಹೋಗುವುದು ಪಕ್ಕದ ಮನೆಯ ಕಡೆಗೆ. ಮುರಬಾಡಿನಲ್ಲಿ ಆದದ್ದು ಅದು.

ಡೊಂಬಿವಲಿಯಲ್ಲಿರುವ ನಮ್ಮ ಓದುಗರೊಬ್ಬರಿಗೆ ಆ ಕಡೆ ಒಂದು ಸಣ್ಣ ವಾಡಿಯಿದೆ. ನೋಡಿಕೊಳ್ಳಲು ಗಂಡ ಹೆಂಡತಿ ಇದ್ದಾರೆ. ಆ ಗಂಡನ ಸೋದರತ್ತೆ, ಮಕ್ಕಳಿಲ್ಲದ ವಿಧವೆ, ವಾಡಿಯ ಮೂಲೆಯ ಗುಡಿಸಲಲ್ಲಿ ಒಬ್ಬಳೇ ಇರುವವಳು. ಎಲ್ಲರೂ ಅವಳನ್ನು 'ಆಜಿ' ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಈ ಜುಲೈಯಲ್ಲಿ ಆಜಿಯ ಬಾಗಿಲ ಮುಂದೆ ಹಸುರು ಮಿಶ್ರಿತ ಕಂದು ಬಣ್ಣದ ಲೋಳೆ ಕಾಣಿಸಿಕೊಂಡಿತು. ಅದೇ ವಾರ ಬೇಲಿಯಾಚೆಯವರ ಎಮ್ಮೆ ಹಾಲು ಇಳಿಸಿತು. ಮರುದಿನ ಕೆರೆಯ ಬದಿಯ ಹುಲ್ಲಿನ ಮೇಲೆ ಇನ್ನೊಂದು ಲೋಳೆ, ಇದು ಬೆಳ್ಳಗಿನದು. ಅಲ್ಲಿಗೆ ಲೆಕ್ಕ ಕೂಡಿತು. ಮುದುಕಿ 'ಕರಣಿ' ಮಾಡಿದ್ದಾಳೆ ಎಂದರು ಬೇಲಿಯಾಚೆಯವರು. ನಮ್ಮ ಊರಿನ ಭಾಷೆಯಲ್ಲಿ ಮಾಟ. ನೋಡಿಕೊಳ್ಳುವವನ ಹೆಂಡತಿ, "ಒಂದೋ ಅವಳು ಇರಬೇಕು, ಇಲ್ಲ ನಾವು" ಎಂದು ಹಟ ಹಿಡಿದಳು. ನಮ್ಮ ಓದುಗರು ನನಗೆ ಫೋನು ಮಾಡಿ ಕೇಳಿದ್ದು ಎರಡು ಪ್ರಶ್ನೆ: ಲೋಳೆಯ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಕೋ, ಫಿನಾಯಿಲ್ ಬೇಕೋ? ಆಜಿಯನ್ನು ಸ್ವಲ್ಪ ದಿನ ಅವಳ ತಮ್ಮನ ಮನೆಗೆ ಕಳುಹಿಸಿಬಿಡಲೇ?

ಎರಡನ್ನೂ ಮಾಡಬೇಡಿ, ಭಾನುವಾರ ಬರುತ್ತೇನೆ ಎಂದೆ. ಧೈರ್ಯ ನನ್ನದಲ್ಲ, ನಮ್ಮ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿರುವ ನಿವೃತ್ತ ಪ್ರಾಣಿಶಾಸ್ತ್ರದ ಅಧ್ಯಾಪಕಿಯದು. ಮರಾಠಿಯವರು, ಎಪ್ಪತ್ತು ದಾಟಿದ್ದಾರೆ. ಮಳೆಗಾಲದಲ್ಲಿ ಮನೆಯೊಳಗೆ ಕೂರುವುದೆಂದರೆ ಅವರಿಗೆ ಶಿಕ್ಷೆ. ನಾನು, ನಮ್ಮವರು, ಆ ಬಾಯಿ ಮೂವರೂ ಕಲ್ಯಾಣದವರೆಗೆ ಲೋಕಲ್, ಅಲ್ಲಿಂದ ಎಸ್.ಟಿ. ಬಸ್ಸು ಹಿಡಿದು ಹೋದೆವು. ನಮ್ಮವರು ದಾರಿಯುದ್ದಕ್ಕೂ, "ಲೋಳೆ ನೋಡುವುದಕ್ಕೆ ಭಾನುವಾರ ಹಾಳು ಮಾಡಿಕೊಂಡ ಗಂಡಸು ನಾನೊಬ್ಬನೇ ಇರಬೇಕು" ಎನ್ನುತ್ತಿದ್ದರು. ಕೊನೆಗೆ ಬಗ್ಗಿ ಬಗ್ಗಿ ಹೆಚ್ಚು ನೋಡಿದವರೂ ಅವರೇ.

ಆಜಿಯ ಬಾಗಿಲ ಮುಂದಿನದು ಸುಲಭದಲ್ಲೇ ತಿಳಿಯಿತು. ನೆನೆದು ಮೆತ್ತಗಾದ ಹಪ್ಪಳದ ಚೂರುಗಳನ್ನು ಯಾರೋ ಅಂಗಳದಲ್ಲಿ ಚೆಲ್ಲಿದ ಹಾಗಿತ್ತು. ಅಂಚು ಮುದುರಿಕೊಂಡು ಕಿವಿಯಂತೆ, ಮುಟ್ಟಿದರೆ ತಣ್ಣಗೆ, ರಬ್ಬರಿನಂತೆ, ಬೆರಳಿಗೆ ಅಂಟದು, ವಾಸನೆಯೂ ಇಲ್ಲ. ಇದರ ಹೆಸರು ನಾಸ್ಟಾಕ್. ಪಾಚಿಯಂತೆ ಕಂಡರೂ ಇದು ಬ್ಯಾಕ್ಟೀರಿಯಾದ ಕುಲ, ಶಾಲೆಯ ಪುಸ್ತಕದಲ್ಲಿ 'ನೀಲಿ-ಹಸಿರು ಶೈವಲ' ಎಂದು ನೀವು ಓದಿರಬಹುದು. ಹೆಸರು ಇಟ್ಟವನು ಹದಿನಾರನೆಯ ಶತಮಾನದ ಪ್ಯಾರಸೆಲ್ಸಸ್ ಎಂಬ ವೈದ್ಯ. ಸೂಕ್ಷ್ಮದರ್ಶಕದಲ್ಲಿ ಇದು ಮಣಿಸರದ ಹಾಗೆ ಕಾಣುತ್ತದೆ. ಸಾವಿರಾರು ಸರಗಳು ಒಂದೇ ಲೋಳೆಯೊಳಗೆ ಸುತ್ತಿಕೊಂಡಿರುತ್ತವೆ. ಮಣಿಗಳ ನಡುನಡುವೆ ಬೇರೆ ಬಗೆಯ ಮಣಿಗಳಿವೆಯಲ್ಲ, ಅವು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗೊಬ್ಬರವಾಗಿ ಮಾಡುವ ಕಾರ್ಖಾನೆಗಳು. ಗದ್ದೆಗೆ ಯೂರಿಯಾ ಚೀಲ ಹೊತ್ತು ಹಾಕುವ ಕೆಲಸವನ್ನು ಇದು ಸದ್ದಿಲ್ಲದೆ ಮಾಡುತ್ತದೆ. ಭತ್ತದ ಗದ್ದೆಗೆ ಸಾರಜನಕ ಒದಗುವುದು ಬಹುಮಟ್ಟಿಗೆ ಇಂಥ ಜೀವಿಗಳಿಂದ ಎಂದು ಪಿ. ಕೆ. ಡೇ 1939ರಲ್ಲೇ ತೋರಿಸಿದ್ದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆರ್. ಎನ್. ಸಿಂಗ್ 1950ರಲ್ಲಿ, ಉತ್ತರದ ಚೌಳು ನೆಲವನ್ನು ಇವುಗಳಿಂದ ಹಸನು ಮಾಡಬಹುದೆಂದು ಬರೆದರು. ನಮ್ಮ ಕರಾವಳಿಯ ಮುರಕಲ್ಲಿನ ಪದವುಗಳಲ್ಲಿ ಮೊದಲ ಮಳೆ ಬಿದ್ದಾಗ ಕಾಲಿಗೆ ಸಿಗುವ ಲೋಳೆಯಲ್ಲೂ ಇದು ಇರುತ್ತದೆ. ಬಾಲ್ಯದಲ್ಲಿ ಜಾರಿ ಬಿದ್ದವರಿಗೆ ಹೇಳಬೇಕಾಗಿಲ್ಲ.

ರಾತ್ರಿ ಬೆಳಗಾಗುವುದರೊಳಗೆ ಇದು ಎಲ್ಲಿಂದ ಬಂತು? ಬಂದೇ ಇಲ್ಲ, ಅಲ್ಲೇ ಇತ್ತು. ಬೇಸಿಗೆಯಲ್ಲಿ ಒಣಗಿ ಸುಟ್ಟ ಕಾಗದದ ಚೂರಿನಂತೆ, ಕಪ್ಪು ಹಕ್ಕಳೆಯಂತೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ. ನೀರು ತಾಗಿದರೆ ಉಬ್ಬಿ ಏಳುತ್ತದೆ. 1941ರಲ್ಲಿ ಅಮೆರಿಕದ ಲಿಪ್‌ಮನ್ ಎಂಬ ವಿಜ್ಞಾನಿ, ಸಸ್ಯಸಂಗ್ರಹದಲ್ಲಿ 87 ವರ್ಷ ಒಣಗಿ ಕೂತಿದ್ದ ನಾಸ್ಟಾಕನ್ನು ನೀರಿನಿಂದ ಮತ್ತೆ ಬದುಕಿಸಿದ ದಾಖಲೆಯಿದೆ. 87 ವರ್ಷ! ನಮ್ಮ ಮನೆಯಲ್ಲಿ ಕರಿಬೇವಿನ ಕುಂಡ ನಾಲ್ಕು ದಿನ ನೀರಿಲ್ಲದೆ ಇರಲೊಲ್ಲದು.

ಆದರೆ ಇಷ್ಟು ಹೇಳಿದರೆ ಬೇಲಿಯಾಚೆಯವರ ಪ್ರಶ್ನೆಗೆ ಉತ್ತರವಾಗಲಿಲ್ಲ. "ಇರಲಿ ಬಾಯಿ, ನೀವು ಹೇಳಿದ ಹೆಸರೇ ಇರಲಿ. ನಮ್ಮ ಬಾಗಿಲಲ್ಲಿ ಯಾಕಿಲ್ಲ, ಮುದುಕಿಯ ಬಾಗಿಲಲ್ಲೇ ಯಾಕೆ?" ಎಂದು ಆ ಮನೆಯ ಯಜಮಾನ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಅಧ್ಯಾಪಕಿ ಬಾಯಿ ಸುತ್ತ ನೋಡಿದರು. ಅವನ ಅಂಗಳಕ್ಕೆ ಸಿಮೆಂಟು ಹಾಕಿತ್ತು. ನೋಡಿಕೊಳ್ಳುವವರ ಮನೆಯ ಮುಂದೆ ಮೊಣಕಾಲೆತ್ತರದ ಹುಲ್ಲು. ಆಜಿಯ ಬಾಗಿಲ ಮುಂದೆ ಮಾತ್ರ ತುಳಿದು ತುಳಿದು ಗಟ್ಟಿಯಾದ ಬರಿಯ ಗರಸು ನೆಲ, ಒಂದು ಹುಲ್ಲುಕಡ್ಡಿ ಇಲ್ಲ. ದಿನವೂ ಎರಡು ಹೊತ್ತು ಗುಡಿಸಿ ನೀರು ಚಿಮುಕಿಸುತ್ತಾಳಂತೆ. ಮೇಲಿನಿಂದ ತಗಡಿನ ಮಾಡಿನ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಹುಲ್ಲಿನ ನೆರಳಿಲ್ಲದ, ಬಿಸಿಲು ಬೀಳುವ, ಗಟ್ಟಿ ನೆಲ, ಮೇಲೆ ನೀರು. ನಾಸ್ಟಾಕಿಗೆ ಬೇಕಾದದ್ದೂ ಇಷ್ಟೇ. ಆಜಿ ಅಂಗಳವನ್ನು ಚೊಕ್ಕಟ ಇಟ್ಟದ್ದೇ ಅವಳ ಮೇಲೆ ಬಂದಿತ್ತು.

ಮಾಡಿನ ಕೆಳಗೆ, ಮಳೆ ತಾಗದ ಕಟ್ಟೆಯ ಅಂಚಿನಲ್ಲಿ ಒಣ ಹಕ್ಕಳೆಗಳು ಇನ್ನೂ ಇದ್ದವು. ನಾಲ್ಕು ಚೂರು ಕೆರೆದು ಸ್ಟೀಲಿನ ಲೋಟದಲ್ಲಿ ನೀರು ಹಾಕಿ ಬೇಲಿಯಾಚೆಯವನ ಕೈಗೇ ಕೊಟ್ಟು, ನೀನೇ ಹಿಡಿದುಕೋ, ಯಾರಿಗೂ ಕೊಡಬೇಡ ಎಂದರು ಬಾಯಿ. ಆಜಿ ಒಳಗೆ ಚಹಾ ಇಟ್ಟಳು. ಚಹಾ ಕುದಿದು, ಸೋಸಿ, ನಮ್ಮ ಕೈಗೆ ಬಂದು, ಕುಡಿದು ಮುಗಿಯುವ ಹೊತ್ತಿಗೆ ಲೋಟದಲ್ಲಿ ಕಪ್ಪು ಚೂರುಗಳು ಮೆತ್ತಗಾಗಿ, ಹಸುರಾಗಿ, ಬಿಚ್ಚಿಕೊಂಡು ತೇಲುತ್ತಿದ್ದವು. ಅವನು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಹೆಂಡತಿ ಬಂದು ನೋಡಿದಳು. ಮಕ್ಕಳು ನಮಗೂ ಒಂದು ಲೋಟ ಎಂದು ಹಟ ಮಾಡಿದವು. ಆಜಿ ಮಾತ್ರ ಬಾಗಿಲಲ್ಲೇ ನಿಂತಿದ್ದಳು. ಅವಳ ಚಹಾದ ಲೋಟವನ್ನು ಬೇಲಿಯಾಚೆಯವರು ಮುಟ್ಟಿರಲಿಲ್ಲ ಎಂಬುದನ್ನು ನಾನು ಗಮನಿಸಿದೆ. ಅವಳೂ ಗಮನಿಸಿದ್ದಳು.

ಕೆರೆಯ ಬದಿಯದು ಬೇರೆಯೇ ಕತೆ. ಇಲ್ಲಿನವರು 'ಶೇತತಳೆ' ಎನ್ನುವ, ಮಳೆನೀರು ಹಿಡಿಯಲು ತೋಡಿದ ಹೊಂಡ ಅದು. ದಡದ ಹುಲ್ಲಿನ ಮೇಲೆ ಎರಡು ಹಿಡಿಯಷ್ಟು ಬಿಳಿ ಲೋಳೆ, ನಸುವಾಗಿ ಪಾರದರ್ಶಕ. ಕಲ್ಲಿನ ಮೇಲಿನದರಂತೆ ಎಲೆಯಾಗಿ ಹರಡಿರಲಿಲ್ಲ, ಗಡ್ಡೆಗಡ್ಡೆಯಾಗಿತ್ತು. ಬಾಯಿ ಕಡ್ಡಿಯಿಂದ ಸರಿಸಿ ತೋರಿಸಿದರು. ಅಂಚಿನಲ್ಲಿ ಗಸಗಸೆಯಷ್ಟು ಗಾತ್ರದ ಕೆಲವು ಕಪ್ಪು ಕಾಳು ಅಂಟಿಕೊಂಡಿದ್ದವು. "ಇವಳು ಹೆಣ್ಣು ಕಪ್ಪೆ" ಎಂದರು. ನಾನು ಸುತ್ತ ನೋಡಿದೆ, ಕಪ್ಪೆ ಎಲ್ಲಿ? "ಕಪ್ಪೆ ಹೊಟ್ಟೆಗೆ ಹೋಯಿತು, ಉಳಿದದ್ದು ಇಷ್ಟು."

ಫಾಲೂದಾಕ್ಕೆ ಹಾಕುವ ಕಾಮಕಸ್ತೂರಿ ಬೀಜವನ್ನು ನೀವೆಲ್ಲ ನೆನೆಸಿದ್ದೀರಿ. ಚಮಚೆ ಬೀಜ ನೀರಲ್ಲಿ ಬಿದ್ದರೆ ಬಟ್ಟಲು ತುಂಬ ಲೋಳೆ. ಮೊಟ್ಟೆ ಇಡಲು ತಯಾರಾದ ಹೆಣ್ಣು ಕಪ್ಪೆಯ ಹೊಟ್ಟೆಯೊಳಗೂ ಹಾಗೆಯೇ. ಮೊಟ್ಟೆಗೆ ಹೊದಿಸಬೇಕಾದ ಲೋಳೆಯ ಪದಾರ್ಥ ಅಂಡನಾಳದಲ್ಲಿ ಗಟ್ಟಿಯಾಗಿ, ಸ್ವಲ್ಪವೇ ಜಾಗದಲ್ಲಿ ಕೂತಿರುತ್ತದೆ. ನೀರು ತಾಗಿದ ಮೇಲೆಯೇ ಅದು ಉಬ್ಬುವುದು. ಬಕವೋ ಬೆಳ್ಳಕ್ಕಿಯೋ ಕಪ್ಪೆಯನ್ನು ಹಿಡಿದು ತಿಂದಾಗ ಈ ಭಾಗವನ್ನು ಬಿಟ್ಟುಬಿಡುತ್ತದೆ, ಇಲ್ಲವೆ ನುಂಗಿ ಕಕ್ಕುತ್ತದೆ. ಆಮೇಲೆ ಒಂದು ಮಳೆ ಬಿತ್ತೋ, ಬೆರಳಷ್ಟಿದ್ದದ್ದು ಬೊಗಸೆಯಷ್ಟಾಗುತ್ತದೆ. ಕಪ್ಪೆಯ ಗುರುತೇ ಇಲ್ಲ, ಲೋಳೆ ಮಾತ್ರ ಇದೆ. ನಕ್ಷತ್ರದಿಂದ ಬಿದ್ದದ್ದು ಎನ್ನದೆ ಜನ ಇನ್ನೇನು ಹೇಳಿಯಾರು? ಇಂಗ್ಲೆಂಡಿನಲ್ಲಿ ಇಂಥದೊಂದು ಮುದ್ದೆಯನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಡಿ.ಎನ್.ಎ. ಪರೀಕ್ಷೆಗೆ ಒಡ್ಡಿದರು. ಫಲಿತಾಂಶವನ್ನು 2015ರ ಜನವರಿಯಲ್ಲಿ ಬಿ.ಬಿ.ಸಿ. ತೋರಿಸಿತು. ಲೋಳೆ ಕಪ್ಪೆಯದು, ಮೇಲೆ ಮ್ಯಾಗ್‌ಪೈ ಎಂಬ ಹಕ್ಕಿಯ ಸುಳಿವು. ನಾನೂರು ವರ್ಷದ ನಕ್ಷತ್ರದ ಕತೆ ಕೊನೆಗೆ ಒಂದು ಹಕ್ಕಿಯ ಊಟದಲ್ಲಿ ಮುಗಿಯಿತು. ಡ್ರೈಡನ್ ಮಹಾಶಯನಿಗೆ ಬೇಸರವಾಗುತ್ತಿತ್ತೇನೋ.

ಎಮ್ಮೆಯ ವಿಷಯ ಬಾಕಿ ಉಳಿಯಿತಲ್ಲ? ಅದನ್ನು ನಾವು ಬಿಡಿಸಲಾರೆವು, ಎಮ್ಮೆ ನಮ್ಮ ವಿಷಯವಲ್ಲ. ನಮ್ಮ ಓದುಗರೇ ಹಣ ಕೊಟ್ಟು ಪಶುವೈದ್ಯರನ್ನು ಕರೆಸಿದರು. ಕೆಚ್ಚಲು ಬಾವು ಎಂದು ಹೇಳಿ ಅವರು ಔಷಧ ಕೊಟ್ಟು ಹೋದರು. ನಮ್ಮವರು ಮಾತ್ರ ಹೊರಡುವ ಮುಂಚೆ ಬೇಲಿಯಾಚೆಯವನನ್ನು ಬದಿಗೆ ಕರೆದು ಕಾನೂನಿನ ಮಾತು ಹೇಳಿದರು. ಮಾಟಮಂತ್ರದ ವಿರುದ್ಧದ ಕಾನೂನು ಮಹಾರಾಷ್ಟ್ರದಲ್ಲಿ 2013ರಿಂದ ಇದೆ. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಡಾ. ನರೇಂದ್ರ ದಾಭೋಲ್ಕರರನ್ನು ಆ ವರ್ಷದ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದರು. ನಾಲ್ಕೇ ದಿನಕ್ಕೆ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಕಾನೂನಾಯಿತು. ಇಂಥವಳು ಕರಣಿ ಮಾಡುತ್ತಾಳೆ ಎಂದು ಹೆಸರು ಹಿಡಿದು ಸಾರುವುದೂ, ಮಂತ್ರ ಹಾಕಿ ದನದ ಹಾಲು ಇಳಿಸುತ್ತಾಳೆ ಎಂದು ಹೇಳಿ ಪೀಡಿಸುವುದೂ ಅದರ ಪ್ರಕಾರ ಅಪರಾಧ. ದನದ ಹಾಲಿನ ಮಾತು ಕಾನೂನಿನ ಪಟ್ಟಿಯಲ್ಲೇ ಬರೆದಿದೆ ಎಂದರೆ, ಹಾಲು ಇಳಿದದ್ದಕ್ಕೆ ಎಷ್ಟು ಹೆಂಗಸರು ಹೊಡೆತ ತಿಂದಿರಬೇಕು, ನೀವೇ ಯೋಚಿಸಿ. ಕರ್ನಾಟಕದಲ್ಲೂ ಇಂಥದೇ ಕಾನೂನು 2017ರಲ್ಲಿ ಆಗಿದೆ.

ಆಜಿ ಇನ್ನೂ ಅಲ್ಲೇ ಇದ್ದಾಳೆ. ಬೇಲಿಯಾಚೆಯವರು ಮಾತು ಬಿಟ್ಟಿದ್ದಾರೆ, ಜಗಳವನ್ನೂ ಬಿಟ್ಟಿದ್ದಾರೆ. ಎಮ್ಮೆ ಹಾಲಿಗೆ ಬಂದದ್ದು ಔಷಧದಿಂದಲೋ ನಾವು 'ಏನೋ ಮಾಡಿ' ಹೋದದ್ದರಿಂದಲೋ ಎಂಬ ಬಗ್ಗೆ ಅವರಿಗೆ ಇನ್ನೂ ಅನುಮಾನವಿದೆಯಂತೆ. ಇರಲಿ ಬಿಡಿ.

ಇನ್ನು ವಸಾಯಿಯ ಬಾವಿಯ ಲೋಳೆ. ಅದು ನಿಜವಾಗಿ ಲೋಳೆಯಲ್ಲ, ನೊರೆ. ಸೋಪಿನ ನೊರೆಯನ್ನು ಯಾರೋ ಮುಷ್ಟಿ ತುಂಬ ತೆಗೆದು ಬಾವಿಯ ಒಳಗೋಡೆಗೆ ಎಸೆದಂತೆ. ಇದು ಮರಗಪ್ಪೆಯ ಗೂಡು. ಹೆಣ್ಣು ತನ್ನ ಮೈಯ ದ್ರವವನ್ನು ಹಿಂಗಾಲಿನಿಂದ ಕಡೆದು ನೊರೆ ಮಾಡಿ ಮೊಟ್ಟೆಯನ್ನು ಅದರೊಳಗಿಡುತ್ತದೆ. ನಾವು ಮಜ್ಜಿಗೆ ಕಡೆದ ಹಾಗೆ ಅನ್ನಿ. ಹೊರಮೈ ಒಣಗುತ್ತದೆ, ಒಳಗೆ ತೇವ ಉಳಿಯುತ್ತದೆ. ಕೆಲವು ದಿನಗಳಲ್ಲಿ ಗೊದಮೊಟ್ಟೆಗಳು ಅದರಿಂದ ಜಾರಿ ನೇರ ನೀರಿಗೆ ಬೀಳುತ್ತವೆ. ಆ ಬಾವಿಯ ನೀರು ಗಿಡಗಳಿಗೆ ಮಾತ್ರ ಉಪಯೋಗ ಎಂದು ಬರೆದಿದ್ದಾರೆ, ಹಾಗಿದ್ದರೆ ಒಂದೆರಡು ವಾರ ಅದರ ಪಾಡಿಗೆ ಬಿಡಿ. ಗದ್ದೆಯ ಕೀಟ ತಿನ್ನುವ ಕಪ್ಪೆಗಳು ತಟ್ಟೆಗೆ ಹೋಗುತ್ತಿವೆಯೆಂದು 1987ರಲ್ಲಿ ಸರಕಾರ ಕಪ್ಪೆಕಾಲಿನ ರಫ್ತನ್ನೇ ನಿಲ್ಲಿಸಿತ್ತು. ವಿದೇಶಕ್ಕೆ ಹೋಗದೆ ಉಳಿದದ್ದನ್ನು ನಾವು ಬ್ಲೀಚಿಂಗ್ ಪೌಡರಿನಲ್ಲಿ ಕೊಲ್ಲುವುದು ಬೇಡ.

ಕಪ್ಪೆಯ ಸಂಸಾರದಲ್ಲಿ ಇನ್ನೆಷ್ಟು ಬಗೆಯಿವೆ ಎಂದು ಬಾಯಿ ಬಸ್ಸಿನಲ್ಲಿ ಹೇಳುತ್ತ ಬಂದರು. ಎಲ್ಲವನ್ನೂ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ, ಎರಡು ಮಾತ್ರ ಹೇಳುತ್ತೇನೆ. ಉತ್ತರ ಕನ್ನಡದ ಕಾಡಿನ ಹಳ್ಳಗಳಲ್ಲಿ ಒಂದು ಕಪ್ಪೆ ತನ್ನ ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತುತ್ತದೆ, ಮೆತ್ತುವುದು ಗಂಡು. ಡಾ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದಕ್ಕೆ 'ಕುಂಬಾರ' ಎಂಬ ಕನ್ನಡದ ಹೆಸರನ್ನೇ ಶಾಸ್ತ್ರೀಯ ಹೆಸರಿನಲ್ಲಿ ಇಟ್ಟಿದ್ದಾರೆ. ಇನ್ನೊಂದಕ್ಕೆ ಹೆಸರು 'ಬಾಂಬೆ ಬುಷ್ ಫ್ರಾಗ್'. ಹೆಬ್ಬೆರಳಿನಷ್ಟಿರುವ ಇದು ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಗೊದಮೊಟ್ಟೆಯಲ್ಲ, ನೇರ ಮರಿಗಪ್ಪೆಯೇ ಹೊರಬರುತ್ತದೆ. 1919ರಲ್ಲಿ ಅನ್ನಂಡೇಲ್ ಇದನ್ನು ಮೊದಲು ವರ್ಣಿಸಿದಾಗ ಅದು ಸಿಕ್ಕಿದ್ದು ಬಾಂಬೆಯಲ್ಲಲ್ಲ, ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಲ್ಲಿ. ನಾವು ಕನ್ನಡದ ಹೆಸರು ಹೊತ್ತು ಮುಂಬಯಿಯಲ್ಲಿದ್ದೇವೆ, ಅದು ಮುಂಬಯಿಯ ಹೆಸರು ಹೊತ್ತು ಕನ್ನಡನಾಡಿನಲ್ಲಿದೆ. ನಮ್ಮ ಸಂಘದ ಸದಸ್ಯತ್ವಕ್ಕೆ ಅದಕ್ಕಿಂತ ಅರ್ಹರು ಯಾರು?

ನ್ಯಾಷನಲ್ ಪಾರ್ಕಿನದು ಮರದ ಗೋಂದು. ಚಿತ್ರದಲ್ಲಿ ಬೆಳ್ಳಗಿನ ನುಣ್ಣನೆಯ ತೊಗಟೆಯೂ ಕಾಣುತ್ತಿದ್ದುದರಿಂದ ಸುಲಭವಾಯಿತು. ಇದು ಕತ್ತಲಲ್ಲಿ ಬೆಳ್ಳಗೆ ನಿಂತು ಹೆದರಿಸುವ 'ಘೋಸ್ಟ್ ಟ್ರೀ', ಅಂದರೆ ಭೂತದ ಮರ. ಗಾಯವಾದಲ್ಲಿ ಸುರಿದ ಗೋಂದು ಮಳೆನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಶರಬತ್ತಿಗೆ ಗೋಂದ್ ಕತೀರಾ ನೆನೆಹಾಕುವವರಿಗೆ ಇದು ಹೊಸತಲ್ಲ.

ಕಲ್ಯಾಣದ ಗಚ್ಚಿಯದು ಮತ್ತೆ ನಮ್ಮ ನಾಸ್ಟಾಕ್. ಗದ್ದೆಯಲ್ಲಿ ಉಪಕಾರಿಯಾದದ್ದು ಗಚ್ಚಿಯ ಮೇಲೆ ಸೊಂಟ ಮುರಿಯುತ್ತದೆ, ಅದನ್ನು ಅಲ್ಲಿ ಇಟ್ಟುಕೊಳ್ಳಬೇಕೆಂದು ನಾನು ಹೇಳಲಾರೆ. ಹಸಿಯಿದ್ದಾಗ ತಿಕ್ಕಿದರೆ ಎಲ್ಲ ಕಡೆ ಹರಡುತ್ತದೆ. ಎರಡು ದಿನ ಬಿಸಿಲು ಬಂದಾಗ ಒಣ ಹಕ್ಕಳೆಯನ್ನು ಕೆರೆದು ಗುಡಿಸಿ ಕುಂಡದ ಮಣ್ಣಿಗೆ ಹಾಕಿ. ನೀರು ನಿಲ್ಲುವ ತಗ್ಗನ್ನು ಸರಿಪಡಿಸದೆ ಯಾವ ಔಷಧ ಸುರಿದರೂ ಮುಂದಿನ ಜೂನಿಗೆ ಅದು ಹಾಜರು. ಚೀನಾ, ಜಪಾನುಗಳಲ್ಲಿ ಇದರ ಜಾತಿಯವನ್ನು ತಿನ್ನುತ್ತಾರೆಂದು ಓದಿ ಒಬ್ಬರು ಪಲ್ಯದ ವಿಧಾನ ಕೇಳಿದ್ದಾರೆ. ಪಾರಿವಾಳಗಳು ಓಡಾಡುವ ಗಚ್ಚಿಯ ಮೇಲಿನದನ್ನು ತಿನ್ನಬೇಡಿ ಎಂಬುದೇ ವಿಧಾನ.

ಜುಹೂವಿನದರ ಬಗ್ಗೆ ಮಾತ್ರ ತಮಾಷೆ ಮಾಡುವುದಿಲ್ಲ. ನೀಲಿ ಛಾಯೆಯ, ಗಾಳಿ ತುಂಬಿದ ಸಣ್ಣ ಚೀಲದಂಥದು, ಕೆಳಗೆ ನೀಲಿ ದಾರಗಳು. ಇದು 'ಬ್ಲೂ ಬಾಟಲ್'. ಮಳೆಗಾಲದ ಗಾಳಿಗೆ ದಂಡೆಗೆ ಬಂದು ಬೀಳುತ್ತದೆ. ಸತ್ತು ಬಿದ್ದದ್ದೂ ಕುಟುಕುತ್ತದೆ. 2018ರ ಆಗಸ್ಟಿನಲ್ಲಿ ನಮ್ಮ ದಂಡೆಗಳಲ್ಲಿ ಎಷ್ಟೋ ಜನ ಕುಟುಕಿಸಿಕೊಂಡಿದ್ದರು. ಮಕ್ಕಳು ಬಲೂನೆಂದು ತುಳಿಯಲು ಹೋಗುತ್ತಾರೆ, ಬಿಡಬೇಡಿ. ತಾಗಿದರೆ ಉಜ್ಜಬಾರದು, ಬರಿಗೈಯಲ್ಲಿ ದಾರವನ್ನು ಕೀಳಬಾರದು. ಸಮುದ್ರದ ನೀರಿನಲ್ಲೇ ತೊಳೆದು, ಚಿಮಟದಿಂದ ದಾರ ತೆಗೆದು, ಆಮೇಲೆ ತಡೆಯುವಷ್ಟು ಬಿಸಿನೀರಿನಲ್ಲಿ ಇಟ್ಟರೆ ಉರಿ ಇಳಿಯುತ್ತದೆ. ಉಸಿರಿಗೆ ಕಷ್ಟವಾದರೆ ತಡಮಾಡದೆ ಡಾಕ್ಟರು.

ಇನ್ನೂ ಒಂದು ಬಗೆಯಿದೆ, ಅದು ಜೀವಿಯೇ ಅಲ್ಲ. ಹೊಲದಲ್ಲಿ ಗಿಡದ ಬುಡದಿಂದ ಗಾಜಿನ ಚೂರಿನಂಥ ಲೋಳೆ ಎದ್ದು ಬಂದರೆ, ಅಲ್ಲಿ ನೀರು ಹಿಡಿದಿಡಲು 'ಹೈಡ್ರೋಜೆಲ್' ಪುಡಿ ಹಾಕಿದ್ದಾರೆಯೇ ಎಂದು ಕೇಳಿ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರೇ ಅಂಥದೊಂದನ್ನು ತಯಾರಿಸಿದ್ದಾರೆ. ಮಗುವಿನ ಡೈಪರಿನೊಳಗಿರುವ ಪುಡಿಯೂ ಇದೇ ಸ್ವಭಾವದ್ದು. ಎಸೆದ ಡೈಪರನ್ನು ಬೀದಿನಾಯಿ ಹರಿದು, ಮೇಲೆ ಮಳೆ ಬಿದ್ದು, ಬೆಳಗ್ಗೆ ಅಲ್ಲಿ ಏನು ಕಾಣಬಹುದೆಂದು ನೀವೇ ಊಹಿಸಿಕೊಳ್ಳಿ.

ಇನ್ನು ಮುಂದೆ ಚಿತ್ರ ಕಳುಹಿಸುವವರು ಲೋಳೆಯೊಂದನ್ನೇ ಹತ್ತಿರದಿಂದ ತೆಗೆದು ಕಳುಹಿಸಬೇಡಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಒಂದು ಚಿತ್ರ, ನಾಲ್ಕು ಹೆಜ್ಜೆ ಹಿಂದೆ ಸರಿದು ಸುತ್ತಲಿನ ನೆಲ, ಮರ, ನೀರು ಎಲ್ಲ ಕಾಣುವಂತೆ ಇನ್ನೊಂದು. ಹಿಂದಿನ ದಿನ ಮಳೆ ಬಂದಿತ್ತೇ, ಒಳಗೆ ಕಪ್ಪು ಕಾಳು ಇದೆಯೇ, ಬಿಸಿಲಿಗೆ ಒಣಗಿದ ಮೇಲೆ ಏನಾಯಿತು, ಇಷ್ಟನ್ನು ಎರಡು ಸಾಲಿನಲ್ಲಿ ಬರೆಯಿರಿ. ನನಗೆ ತಿಳಿಯದಿದ್ದರೆ ನಾಲ್ಕನೆಯ ಮಹಡಿಗೆ ಹೋಗುತ್ತೇನೆ. ಅಲ್ಲಿಯೂ ತಿಳಿಯದಿದ್ದರೆ ಬಾಯಿ ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾರೆ, ನಮ್ಮವರ ಇನ್ನೊಂದು ಭಾನುವಾರ ಹೋಗುತ್ತದೆ.